ಎಂಬತ್ತರೊಳಗಿನ ಅಳು

ಶಿವಯೋಗಿಯ ಜೊತೆ ಜಗಳ ಆಡುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಮೂರು ವರ್ಷದಿಂದ ಅವನು ಹೇಳಿದ್ದೇ ಸರಿ. ಉಪ್ಪಿಟ್ಟು ಸಪ್ಪೆ ಎಂದರೆ ಹೆಂಡತಿ ಸುವರ್ಣಾ, "ಹೌದ್ರಿ, ಉಪ್ಪು ಕಡಿಮಿ ಆಗೈತಿ" ಎನ್ನುತ್ತಿದ್ದಳು. ಅದೇ ಉಪ್ಪಿಟ್ಟನ್ನು ಎರಡು ತುತ್ತು ತಿಂದು ಉಪ್ಪು ಹೆಚ್ಚಾಯಿತು ಎಂದರೆ, "ಹೌದ್ರಿ, ಕೈ ತಪ್ಪಿ ಬಿತ್ತು ನೋಡ್ರಿ" ಎನ್ನುತ್ತಿದ್ದಳು. ಒಂದು ದಿನ ಬೇಕೆಂದೇ, ನಮ್ಮ ಮದುವೆಯಲ್ಲಿ ನಿನ್ನ ತವರಿನವರು ಹಳಸಿದ ಪಲ್ಯ ಬಡಿಸಿದರು ಎಂದು ತಡವರಿಸುತ್ತಲೇ ಕೆಣಕಿ ನೋಡಿದ. ಮೂವತ್ತು ವರ್ಷ ಆ ಮಾತಿಗೆ ಪಾತ್ರೆ ಕುಕ್ಕಿದ ಹೆಣ್ಣು ಅವತ್ತು ಅವನ ಕೊರಳ ಕಡೆ ಒಮ್ಮೆ ನೋಡಿ, ನಕ್ಕು, "ಇದ್ದರೂ ಇರಬಹುದ್ರಿ" ಅಂದುಬಿಟ್ಟಳು. ಶಿವಯೋಗಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅಂಕಿ ಐದು ಏರಿ, ಅಡುಗೆಮನೆಯಲ್ಲಿದ್ದ ಅವಳ ಮೊಬೈಲು ಗುಂಯ್ ಎಂದಿತು.

ಅಂಕಿ ಇದ್ದದ್ದು ಅವನ ಕೊರಳಪಟ್ಟಿಯಲ್ಲಿ. ಪಾರ್ಶ್ವವಾಯು ಒಮ್ಮೆ ಹೊಡೆದು ಬದುಕಿ ಉಳಿದವರನ್ನು ಕಾಡುವುದು ಎರಡನೆಯ ಹೊಡೆತದ ಭಯ. ನಾಲ್ವರಲ್ಲಿ ಒಬ್ಬರಿಗೆ ಐದು ವರ್ಷದೊಳಗೆ ಅದು ಬರುತ್ತಿತ್ತು. ಯಾರಿಗೆ, ಯಾವತ್ತು ಎಂಬುದು ಮಾತ್ರ ಯಾವ ಡಾಕ್ಟರಿಗೂ ಗೊತ್ತಿರಲಿಲ್ಲ. ಕೊರಳಪಟ್ಟಿ ಬಂದ ಮೇಲೆ ಗೊತ್ತಾಗತೊಡಗಿತು. ಎರಡು ಬೆರಳಗಲದ ಬೂದು ಪಟ್ಟಿ ಅದು. ಕತ್ತಿನ ಎರಡೂ ಬದಿಯ ರಕ್ತನಾಳಗಳಿಗೆ ಕಿವಿಗೆ ಕೇಳದಂಥ ಸದ್ದು ಕಳಿಸಿ, ಮರಳಿ ಬಂದದ್ದನ್ನು ಆಲಿಸಿ, ನಾಳದ ಗೋಡೆ ಎಷ್ಟು ಬಿಗಿದಿದೆ, ರಕ್ತ ಎಲ್ಲಿ ಸುಳಿ ತಿರುಗುತ್ತಿದೆ, ಸಾಸಿವೆ ಕಾಳಿನಷ್ಟು ಹೆಪ್ಪೇನಾದರೂ ತೇಲಿ ಹೋಯಿತೇ ಎಂದು ಪ್ರತಿ ಎದೆಬಡಿತಕ್ಕೂ ಅಂದಾಜು ಕಟ್ಟುತ್ತಿತ್ತು. ಆ ಅಂದಾಜು ಗಂಟಲ ಕೆಳಗಿನ ಪುಟ್ಟ ಪರದೆಯ ಮೇಲೆ ನೂರರೊಳಗಿನ ಒಂದು ಅಂಕಿಯಾಗಿ ಮೂಡುತ್ತಿತ್ತು. ಅರವತ್ತರೊಳಗಿದ್ದರೆ ಹಸಿರು. ಅರವತ್ತು ಮುಟ್ಟಿದರೆ ಕಾವಲು ಕೇಂದ್ರದಿಂದ ಮನೆಗೆ ಫೋನು. ಎಂಬತ್ತು ಮುಟ್ಟಿದರೆ ಫೋನಿಲ್ಲ, ಮಾತಿಲ್ಲ. ಪಟ್ಟಿಯ ಒಳಬದಿಯಿಂದ ಸಣ್ಣ ಸೂಜಿ ಚುಚ್ಚಿ ನಿದ್ದೆಯ ಔಷಧಿ ಇಳಿಸುತ್ತಿತ್ತು. ಆಮೇಲೆ ನಾಲ್ಕೈದು ತಾಸು ಮನುಷ್ಯನಿಗೆ ಎಚ್ಚರವಿಲ್ಲ.

ಇದಲ್ಲದೆ ಇನ್ನೊಂದು ದೊಡ್ಡ ಅಂಕಿ ಇತ್ತು. ಅದಕ್ಕೆ ಮುನ್ನೋಟ ಎಂದು ಹೆಸರು. ಮುಂದಿನ ಐದು ವರ್ಷ ಎರಡನೆಯ ಹೊಡೆತವಿಲ್ಲದೆ ಬದುಕುವ ಅವಕಾಶ ನೂರಕ್ಕೆ ಎಷ್ಟು ಎಂಬುದು. ಜನ ನೆಂಟರ ಮನೆಗೆ ಹೋದಾಗ ಮಕ್ಕಳ ಪರೀಕ್ಷೆಯ ಫಲಿತಾಂಶ ಕೇಳುವ ಹಾಗೆ ಮುನ್ನೋಟ ಕೇಳುತ್ತಿದ್ದರು. ಎಂಬತ್ತು ದಾಟಿದ್ದರೆ ಮನೆಯವರು ಎದೆಯುಬ್ಬಿಸಿ ಹೇಳುತ್ತಿದ್ದರು. ಇಳಿದಿದ್ದರೆ ತಪ್ಪು ಮನೆಯವರದು. ಯಾರೋ ದನಿ ಏರಿಸಿರಬೇಕು, ಯಾರೋ ಏನೋ ಹೇಳಬಾರದ್ದು ಹೇಳಿರಬೇಕು.

ಪಟ್ಟಿ ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ತೊಂದರೆ. ಅದನ್ನು ಕಟ್ಟಿಕೊಂಡವರಲ್ಲಿ ಎರಡನೆಯ ಹೊಡೆತ ಹನ್ನೆರಡು ಮಂದಿಯಲ್ಲಿ ಒಬ್ಬರಿಗೆ ಎಂಬಷ್ಟಕ್ಕೆ ಇಳಿದಿತ್ತು. ಇಂಥ ಒಳ್ಳೆಯದರ ವಿರುದ್ಧ ಯಾರು ಏನು ಮಾತಾಡಿಯಾರು?

ಶಿವಯೋಗಿಗೆ ಇದನ್ನೆಲ್ಲ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ತನಗೇ ಲಕ್ವ ಹೊಡೆಯುವ ತನಕ, ಒಂಬತ್ತು ವರ್ಷ, ಹುಬ್ಬಳ್ಳಿಯ ಆ ಕಾವಲು ಕೇಂದ್ರಕ್ಕೆ ಅವನೇ ಮೇಲ್ವಿಚಾರಕ. ಹಳೆಯ ಹತ್ತಿ ಗೋದಾಮಿನ ಮೇಲಂತಸ್ತಿನಲ್ಲಿ ಉದ್ದನೆಯ ಹಾಲ್. ನಲವತ್ತು ಮಂದಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ಎದುರಿನ ಗೋಡೆಯ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಎಲ್ಲೋ ಒಂದು ಊರಿನ ಒಂದು ಕೊರಳು. ಚುಕ್ಕೆ ಹಳದಿಯಾದರೆ ಆ ಮನೆಗೆ ಫೋನು: "ಅಮ್ಮಾ, ಈಗ ಏನ್ ಮಾತಾಡಾಕ್ಹತ್ತೀರಿ ಅದನ್ನ ನಿಲ್ಲಸ್ರಿ. ನಗಕೋತ ಎದ್ದು ಹೊರಗ ಬರ್ರಿ." ಜನಕ್ಕೆ ಹಾಗೆ ಎದ್ದು ಬರಲು ಬರುತ್ತಿರಲಿಲ್ಲ. ಗಾಬರಿಯಾಗಿ ಓಡುತ್ತಿದ್ದರು, ರೋಗಿಗೆ ಅನುಮಾನ ಬಂದು ಅಂಕಿ ಇನ್ನೂ ಏರುತ್ತಿತ್ತು. ಅದಕ್ಕೆ ಶಿವಯೋಗಿ ಒಂದು ಕೈಪಿಡಿ ಬರೆದ. ಎದ್ದು ಹೋಗುವಾಗ "ಒಲಿ ಮ್ಯಾಲೆ ಹಾಲು ಇಟ್ಟೀನಿ" ಎನ್ನಿ. ವಿಷಯ ಬದಲಿಸುವಾಗ "ನಾಳೆ ನೋಡೂಣು ಬಿಡ್ರಿ" ಎನ್ನಿ. ಏನು ಕೇಳಿದರೂ ಮೊದಲು "ಎಲ್ಲಾ ಆರಾಮ ಐತಿ" ಎನ್ನಿ. ಹತ್ತಿರದವರಿಗೆ ಕಾಯಿಲೆ ಜೋರಾದರೆ, ಸಾವಾದರೆ, ಮೊದಲು ಕೇಂದ್ರಕ್ಕೆ ತಿಳಿಸಿ. ರೋಗಿಗೆ ತೊಂಬತ್ತು ದಿನ ತಿಳಿಸಬೇಡಿ.

ಆ ತೊಂಬತ್ತು ದಿನದ ನಿಯಮವೂ ಅವನದೇ. ಸಾವಿನ ಸುದ್ದಿ ತಡವಾಗಿ ಮುಟ್ಟಿದಷ್ಟೂ ಅಂಕಿ ಕಡಿಮೆ ಏರುತ್ತದೆ ಎಂದು ಸಾವಿರಾರು ಕೊರಳುಗಳ ದಾಖಲೆ ನೋಡಿಯೇ ಅವನು ಹಾಗೆ ಬರೆದಿದ್ದ. ನವಲಗುಂದದ ಒಬ್ಬ ಹೆಣ್ಣುಮಗಳಿಗೆ ಮಗ ಸತ್ತದ್ದನ್ನು ಹಾಗೇ ಮುಚ್ಚಿಟ್ಟು, ತೊಂಬತ್ತೊಂದನೆಯ ದಿನ ಹೇಳಿಸಿದ್ದರು. ಆಕೆ ಕೇಂದ್ರಕ್ಕೆ ಫೋನು ಮಾಡಿ ಒಂದೇ ಮಾತು ಕೇಳಿದ್ದಳು: "ಮೂರು ತಿಂಗಳು ದಿನಾ ಅವನ ತಾಟು ತೊಳದು ಇಟ್ಟೀನಲ್ಲೋ ಯಪ್ಪಾ, ಯಾರೂ ಬ್ಯಾಡ ಅನಲಿಲ್ಲಲ್ಲೋ." ಶಿವಯೋಗಿ ಆಕೆಯ ಕಡತದಲ್ಲಿ "ಎರಡನೆಯ ಹೊಡೆತವಿಲ್ಲ, ಯಶಸ್ವಿ" ಎಂದು ಬರೆದು ಊಟಕ್ಕೆ ಎದ್ದಿದ್ದ.

ಆಮೇಲೆ ಒಂದು ದಿನ ಹೊಸಬರಿಗೆ ಪಾಠ ಹೇಳುತ್ತಿದ್ದಾಗ ಅವನ ಬಲಗೈಯಿಂದ ಪೆನ್ನು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಮೇಲೇಳಲಿಲ್ಲ. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯುವಂತಾಯಿತು. ತಲೆಯೊಳಗೆ ಮಾತು ಪೂರ್ತಿ ಇರುತ್ತಿತ್ತು, ಬಾಯಿಗೆ ಬರುವಾಗ ಒಂದೊಂದೇ ತುಂಡಾಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅವನ ಕೊರಳಿಗೆ ಪಟ್ಟಿ ಬಿಗಿದವಳು ಅವನೇ ಕೆಲಸ ಕಲಿಸಿದ್ದ ಹುಡುಗಿ, ಮೆಹರುನ್ನೀಸಾ. ಈಗ ಅವನ ಕುರ್ಚಿಯಲ್ಲಿ ಅವಳೇ ಮೇಲ್ವಿಚಾರಕಿ. ಮನೆಗೆ ಬಂದ ಮೂರನೆಯ ದಿನ ಮೊಬೈಲು ರಿಂಗಾಗಿ ಸುವರ್ಣಾ ನಗುತ್ತ ಎದ್ದು, "ಒಲಿ ಮ್ಯಾಲೆ ಹಾಲು ಇಟ್ಟೀನ್ರಿ" ಎಂದಾಗ ಶಿವಯೋಗಿಗೆ ತಾನು ಬರೆದ ಸಾಲಿನ ಗುರುತು ಸಿಕ್ಕಿತು. ತಾನು ಕಟ್ಟಿದ ಮನೆಯೊಳಗೆ ತನ್ನನ್ನೇ ಹಾಕಿ ಹೊರಗಿನಿಂದ ಚಿಲಕ ಇಟ್ಟಿದ್ದರು.

ಅವನ ಜೊತೆ ಜಗಳ ಆಡುವವಳು ಒಬ್ಬಳೇ ಉಳಿದಿದ್ದಳು, ಅಣ್ಣಿಗೇರಿಯ ಸಾವಂತ್ರಕ್ಕ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಕ್ಕನ ಸೊಂಟದ ಮೇಲೇ ಬೆಳೆದ. ಪ್ರತಿ ರವಿವಾರ ಹತ್ತು ಗಂಟೆಗೆ ಅವಳ ಫೋನು. "ಏ ಶಿವ್ಯಾ, ಇನ್ನಾ ಕೈ ಎತ್ತಾಕ ಬರವಲ್ತೇನು? ಸುವರ್ಣಾ ತುತ್ತು ಮಾಡಿ ತಿನ್ನಿಸಿ ತಿನ್ನಿಸಿ ನಿನ್ನ ಕೆಡಸ್ಯಾಳ. ಮಾಡಲೇ, ದಿನಾ ಇಪ್ಪತ್ತು ಸಲ ಎತ್ತು. ನಾ ಎಪ್ಪತ್ತರ ಮುದುಕಿ ಬಾವಿ ನೀರು ಸೇದ್ತೀನಿ, ನಿನಗೇನ್ ಧಾಡಿ?" ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅಂಕಿ ಐವತ್ತೆಂಟಕ್ಕೆ ಹೋಗುತ್ತಿತ್ತು. ಕೇಂದ್ರದವರು ಅವಳಿಗೂ ಕೈಪಿಡಿ ಕಳಿಸಿದ್ದರು. ಅವಳು ಅದನ್ನು ತಿರುಗಿಸಿ ನೋಡಲಿಲ್ಲ. ಸೋಮವಾರ ಅವನು ಅಕ್ಕನ ಮೇಲಿನ ಸಿಟ್ಟಿಗೇ ಎಡಗೈಯಿಂದ ಬಲಗೈ ಹಿಡಿದು ಇಪ್ಪತ್ತು ಸಲ ಎತ್ತುತ್ತಿದ್ದ. ಮೂರು ವರ್ಷದಲ್ಲಿ ಆ ಕೈ ಎದೆಯ ಮಟ್ಟ ಏರುವಷ್ಟು ಬಂದಿದ್ದರೆ ಅದು ಅವಳ ಬೈಗುಳದ ಪುಣ್ಯ. ಸ್ಪರ್ಶ ಮಾತ್ರ ಮರಳಿರಲಿಲ್ಲ.

ಕಳೆದ ಮೂರು ರವಿವಾರ ಫೋನು ಬಂದಿರಲಿಲ್ಲ. "ಅಕ್ಕಾರು ಮಗಳ ಮನಿಗೆ ಹೋಗ್ಯಾರ್ರಿ, ಅಲ್ಲಿ ಫೋನ್ ಹತ್ತೂದಿಲ್ಲ" ಎಂದಳು ಸುವರ್ಣಾ. ನಂಬಿದರೆ ಅಂಕಿ ಏರುವುದಿಲ್ಲ. ಅಷ್ಟಕ್ಕೇ ಶಿವಯೋಗಿ ನಂಬಿದ್ದ.

ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸುವರ್ಣಾ ಹೊಸ ಸೀರೆಯೊಂದನ್ನು ತಂದು ಅವನ ತೊಡೆಯ ಮೇಲಿಟ್ಟಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು.

"ಹಿಂದಿನ ಓಣಿ ಪಾಟೀಲರ ಮಗಳ ಮದುವಿಗೆ ಕೊಡಾಕ್ರಿ," ಎಂದಳು. "ಹೆಂಗೈತಿ, ಮುಟ್ಟಿ ನೋಡ್ರಿ."

ಅವನು ಎಡಗೈ ಚಾಚಿದ. ಅವಳು ಆ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಕುರ್ಚಿಯ ಬದಿಗೆ ಜೋತುಬಿದ್ದಿದ್ದ ಬಲಗೈಯನ್ನು ಎತ್ತಿ ಸೀರೆಯ ಮೇಲಿಟ್ಟಳು. ಅದರ ಮೇಲೆ ತನ್ನ ಕೈ ಇಟ್ಟು ಒಂದು ಗಳಿಗೆ ಒತ್ತಿ ಹಿಡಿದಳು. ಬಾಯೊಳಗೇ ಏನೋ ಅಂದುಕೊಂಡಳು.

"ಚಲೋ... ಐತಿ," ಎಂದ.

"ಹಂಗಾರ ಕೊಟ್ಟು ಬರ್ತೀನ್ರಿ. ನರ್ಸ್ ಬಾಯಿ ಬರ್ತಾಳ, ನಿಮ್ಮ ಊಟ ಆಕಿ ನೋಡ್ಕೋತಾಳ. ನಾ ಸಂಜಿಗೆ ಬಂದುಬಿಡ್ತೀನಿ." ಸೀರೆ ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಾಡಿಗೆ ಕಾರು ಬಂದು ನಿಂತ ಸದ್ದಾಯಿತು.

ಹಿಂದಿನ ಓಣಿಗೆ ಕಾರು ಯಾಕೆ? ಸಂಜೆಯ ತನಕ ಯಾಕೆ? ಅದು ಹೋಗಲಿ. ಬಟ್ಟೆ ಹೇಗಿದೆ ಎಂದು ನೋಡಲು ಸ್ಪರ್ಶವೇ ಇಲ್ಲದ ಕೈಯಿಂದ ಯಾರು ಮುಟ್ಟಿಸುತ್ತಾರೆ? ಹೊಸ ಬಟ್ಟೆಯ ಮೂಲೆಗೆ ಅರಿಸಿನ ಕುಂಕುಮ ಹಚ್ಚದೆ ಕರ್ಚೀಪನ್ನೂ ಯಾರಿಗೂ ಕೊಡುವವಳಲ್ಲ ಸುವರ್ಣಾ. ಈ ಸೀರೆಯ ಮೂಲೆ ಖಾಲಿ ಇತ್ತು. ಬಲಗೈ ಬೇಕಾದದ್ದು ನೋಡುವುದಕ್ಕಲ್ಲ, ಕೊಡುವುದಕ್ಕೆ. ಕೊಡುವವನ ಬಲಗೈ ತಾಗಲೇಬೇಕಾದ ಸೀರೆ, ಕುಂಕುಮ ಹಚ್ಚದ ಸೀರೆ ಒಂದೇ ಒಂದು. ಮುತ್ತೈದೆ ಸತ್ತರೆ ಮಣ್ಣಿಗೆ ಹೋಗುವ ಮುಂಚೆ ಅವಳಿಗೆ ತವರಿನಿಂದ ಬರುವ ಕೊನೆಯ ಸೀರೆ. ಅದನ್ನು ತಮ್ಮ ಕೊಡಬೇಕು. ಅವನನ್ನು ಬಿಟ್ಟರೆ ಸಾವಂತ್ರಕ್ಕನಿಗೆ ಬೇರೆ ತವರಿರಲಿಲ್ಲ.

ಸುವರ್ಣಾ ಕೈಪಿಡಿಯ ನಿಯಮಗಳನ್ನೆಲ್ಲ ತಪ್ಪದೆ ಪಾಲಿಸಿದ್ದಳು. ತಮ್ಮನ ಕೈ ತಾಗದ ಸೀರೆಯನ್ನು ನಾದಿನಿಗೆ ಉಡಿಸಲು ಮಾತ್ರ ಅವಳ ಮನಸ್ಸು ಒಪ್ಪಿರಲಿಲ್ಲ.

ಅಂಕಿ ಮೂವತ್ತೆಂಟು ಇದ್ದದ್ದು ನಲವತ್ತಾರಾಯಿತು, ಐವತ್ತೊಂದಾಯಿತು. ಅದು ಅರವತ್ತು ಮುಟ್ಟಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊಬೈಲು ರಿಂಗಾಗುತ್ತದೆ. ಸುವರ್ಣಾ ಹಾಲು ನೋಡಲು ಹೋಗುತ್ತಾಳೆ. ನರ್ಸು ಬಂದು ಬಾಗಿಲು ಹಾಕುತ್ತಾಳೆ. ಕಾರು ಅವನನ್ನು ಬಿಟ್ಟು ಹೊರಡುತ್ತದೆ. ಮೂರು ತಿಂಗಳಾದ ಮೇಲೆ ಯಾರೋ ಬಂದು, ನಗುನಗುತ್ತ, ಅಕ್ಕ ತೀರಿಕೊಂಡಳು ಎನ್ನುತ್ತಾರೆ.

ಅವನು ನೆಲದ ಹಾಸುಗಲ್ಲು ಎಣಿಸತೊಡಗಿದ. ನಾಲ್ಕು ಎಣಿಸುವ ತನಕ ಉಸಿರು ಒಳಗೆ, ಏಳು ಎಣಿಸುವ ತನಕ ಹೊರಗೆ. ಇದೂ ಅವನು ಸಾವಿರ ಮಂದಿಗೆ ಕಲಿಸಿದ್ದೇ. ಅಕ್ಕ ಸತ್ತಳು ಎಂಬ ಮಾತನ್ನು ಎದುರಿಗೆ ಇಟ್ಟುಕೊಂಡು ಕಲ್ಲು ಎಣಿಸಿದ. ಐವತ್ತೊಂದು ನಲವತ್ತೇಳಾಯಿತು, ನಲವತ್ತೆರಡಾಯಿತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆಯನ್ನೂ ಎಣಿಸಿ ಇಳಿಸಿದ.

ಆಮೇಲೆ ಪಟ್ಟಿಯ ಬದಿಯ ಗುಂಡಿ ಒತ್ತಿದ. ಕೇಂದ್ರಕ್ಕೆ ಮಾತು ಹೋಗುವ ಗುಂಡಿ.

"ನಮಸ್ಕಾರ್ರಿ ಸರ್," ಎಂದಳು ಮೆಹರುನ್ನೀಸಾ. "ನಲವತ್ತೆರಡು, ಚಲೋ ಐತಿ. ಎಲ್ಲಾ ಆರಾಮ?"

"ಅಕ್ಕ... ಹೋದ್ಲು."

ಯಾವಾಗ, ಹೇಗೆ ಎಂದು ಅವಳು ಕೇಳಲಿಲ್ಲ. ಹಾಲ್‌ನಲ್ಲಿ ಬೇರೆಯವರು ಬೇರೆ ಮನೆಗಳ ಜೊತೆ ಮಾತಾಡುವ ಗುಜುಗುಜು ಕೇಳಿಸಿತು. ಅವಳು ಕೇಳದ್ದರಿಂದಲೇ ಶಿವಯೋಗಿಗೆ ಇನ್ನೊಂದು ವಿಷಯ ತಿಳಿಯಿತು. ಸಾವಿನ ಸುದ್ದಿ ಮೊದಲು ಕೇಂದ್ರಕ್ಕೆ. ತಮ್ಮನಿಗಿಂತ ಮುಂಚೆ ಅವಳಿಗೆ ಗೊತ್ತಿತ್ತು.

"ಯಾವಾಗ... ಮಣ್ಣು?"

"ಸರ್, ನೀವ ಬರದ ನಿಯಮ ಐತಿ. ನಾ ಹೇಳಾಂಗಿಲ್ಲ."

"ಬರದಾಗ... ಇದು... ನನ್ನ ಕೊರಳಾಗ... ಇದ್ದಿದ್ದಿಲ್ಲ."

ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ಸೀರೆಯ ಚೀಲ ಎದೆಗೆ ಅವಚಿಕೊಂಡಿದ್ದಳು, ಕಣ್ಣು ಅವನ ಕೊರಳ ಮೇಲೆ. ಮೆಹರುನ್ನೀಸಾ ದನಿ ತಗ್ಗಿಸಿ ಮಾತಾಡಿದಳು. "ನಾಲ್ಕಕ್ಕ ಅಂತ್ರಿ ಸರ್. ಅರವತ್ತಕ್ಕ ನಾ ಫೋನ್ ಮಾಡೂದಿಲ್ಲ, ಇವತ್ತೊಂದಿನ ನಿಮ್ಮ ಚುಕ್ಕಿ ನನ್ನ ಮ್ಯಾಲೆ ಇರ್ಲಿ. ಆದ್ರ ಎಂಬತ್ತು ನನ್ನ ಕೈಯಾಗಿಲ್ಲ. ಎಂಬತ್ತು ಮುಟ್ಟಿದ್ರ ಸೂಜಿ ಚುಚ್ಚತೈತಿ, ನೀವು ಮಲಗ್ತೀರಿ, ಅಷ್ಟ. ಅದು ನಿಮಗ ಗೊತ್ತೈತಿ." ಮತ್ತೆ, "ಎರಡನೇ ಲಕ್ವದ್ದು ನಾ ಸುಳ್ಳು ಹೇಳೂದಿಲ್ರಿ ಸರ್. ಇವತ್ತು ಹೋದ್ರ ಅದೂ ಬರಬಹುದು," ಎಂದಳು.

ಮೂರು ವರ್ಷದಲ್ಲಿ ಅವನಿಗೆ ಯಾರಾದರೂ ಹೇಳಿದ ಮೊದಲ ಪೂರ್ತಿ ಮಾತು ಅದು. ಅವನು ಎಡಗೈಯಿಂದ ಕೋಲು ಎತ್ತಿಕೊಂಡು ಎದ್ದ.

ಕಾರು ಗದಗ ರಸ್ತೆ ಹಿಡಿದು ಊರು ದಾಟಿತು. ಎರೆಹೊಲಗಳು ಕಣ್ಣು ಹಾಯುವ ತನಕ ಕಪ್ಪಗೆ ಬಿದ್ದಿದ್ದವು.

"ಎಷ್ಟ್... ದಿನಾ?" ಎಂದು ಕೇಳಿದ.

"ಹುಬ್ಬಳ್ಳಿ ಆಸ್ಪತ್ರ್ಯಾಗ ಮೂರು ವಾರ ಇದ್ರು, ನಾ ಬಾಜಾರಕ್ಕಂತ ಹೇಳಿ ದಿನಾ ಹೋಗಿ ಬರ್ತಿದ್ದೆ. ಹಾರ್ಟಿಂದು. ನಿನ್ನಿ ಸಂಜಿಗೆ ಹೋದ್ರು."

ಐವತ್ನಾಲ್ಕು.

"ಕೇಳಿದ್ಲು? ನನ್ನ?"

ಸುವರ್ಣಾ ಅಂಕಿ ನೋಡಿದಳು, ಹೊರಗೆ ನೋಡಿದಳು, ಮತ್ತೆ ಅಂಕಿ ನೋಡಿದಳು. "ದಿನಾ ಕೇಳತಿದ್ರು," ಎಂದಳು ಕೊನೆಗೆ. "ಶಿವ್ಯಾನ್ನ ಕರಕೊಂಡ್ ಬಾ ಅಂತಿದ್ರು. ನಿಯಮ ಐತ್ರಿ ಅಕ್ಕಾರ, ಅವರಿಗೆ ಹೇಳಬಾರದಂತ ಅಂದೆ. ಅದಕ್ಕವರು..." ಅವಳು ಸೀರೆಯ ಚೀಲ ಬಿಗಿಯಾಗಿ ಹಿಡಿದುಕೊಂಡಳು. "ಆ ನಿಯಮ ಬರದಾವ ಯಾವನವ, ಅವನ್ನ ಕರೀರಿ ಇಲ್ಲೆ, ಅವನ ಮಾರಿ ನೋಡಬೇಕು ನಾ ಅಂದ್ರು. ಅದು ನೀವ ಅಂತ ನಾ ಹೇಳಲಿಲ್ರಿ. ನನ್ನ ಕೈಲೆ ಆಗಲಿಲ್ಲ."

ಅರವತ್ತೊಂಬತ್ತು. ಅವನು ಎಡಗೈ ಎತ್ತಿ ಸಾಕು ಎಂದು ಸನ್ನೆ ಮಾಡಿದ. ಹೊಲದ ಬದುವಿನ ಜಾಲಿಗಿಡಗಳನ್ನು ಎಣಿಸಿದ. ನಾಲ್ಕು ಒಳಗೆ, ಏಳು ಹೊರಗೆ. ಕೇಳುವುದು ಇನ್ನೂ ಬಹಳ ಇತ್ತು: ನೋವಿತ್ತೇ, ಯಾರು ಬಳಿ ಇದ್ದರು, ಬಾಯಿಗೆ ನೀರು ಯಾರು ಬಿಟ್ಟರು. ಒಂದೊಂದು ಪ್ರಶ್ನೆಗೂ ಏಳೆಂಟು ಅಂಕಿ ಹೋಗುತ್ತಿತ್ತು. ಅವನ್ನು ಇಲ್ಲೇ ಖರ್ಚು ಮಾಡಿದರೆ ಅಕ್ಕನ ಎದುರಿಗೆ ನಿಲ್ಲಲು ಉಳಿಯುವುದಿಲ್ಲ. ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಿಮ್ಮನ್ನೂ ಕಳಕೊಂತೀನಿ ಅಂತ ಅಂಜಿಕಿ ಆಗಿತ್ರಿ ನನಗ," ಎಂದಳು. ಅವನು ಅವಳ ಮೇಲೆ ಸಿಟ್ಟಾಗಲೂ ಇಲ್ಲ, ಅವಳನ್ನು ಸಮಾಧಾನ ಮಾಡಲೂ ಇಲ್ಲ. ಎರಡಕ್ಕೂ ಅಂಕಿ ಬೇಕಾಗಿತ್ತು.

ಅಣ್ಣಿಗೇರಿಯ ಓಣಿಯ ತುದಿಗೇ ಅಳು ಕೇಳಿಸಿತು. ಆ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಗುಣ ಎತ್ತಿ, ಹಾಡಿ ಹಾಡಿ ಅಳುತ್ತಾರೆ. ಒಬ್ಬಳು ಎತ್ತಿಕೊಟ್ಟರೆ ಹತ್ತು ಮಂದಿ ಹಿಡಿಯುತ್ತಾರೆ. ಭಜನೆಯ ತಾಳವೂ ಅದರ ಜೊತೆಗೆ ಸೇರಿತ್ತು. ಶಿವಯೋಗಿ ಕಾರಿನಿಂದ ಕಾಲು ಕೆಳಗಿಟ್ಟ. ಬಾಗಿಲ ಬಳಿ ನಿಂತ ಒಬ್ಬ ಹೆಂಗಸು ಅವನನ್ನು ಕಂಡಳು, ಅವನ ಕೊರಳನ್ನು ಕಂಡಳು, ಒಳಗೆ ತಿರುಗಿ ಏನೋ ಅಂದಳು.

ಅಳು ನಿಂತಿತು. ನೀರಿನ ನಲ್ಲಿ ತಿರುಗಿಸಿದ ಹಾಗೆ ನಿಂತಿತು. ತಾಳವೂ ನಿಂತಿತು.

ಅಂಗಳದಲ್ಲಿ ಗೋಡೆಗೆ ಒರಗಿಸಿ ಸಾವಂತ್ರಕ್ಕನನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು. ಸುತ್ತ ಕೂತ ಮೂವತ್ತು ನಲವತ್ತು ಮಂದಿ ಸೆರಗು ಕಚ್ಚಿ, ತಲೆ ತಗ್ಗಿಸಿ ಕೂತಿದ್ದರು. ಅಕ್ಕನ ಗಂಡ ಈರಪ್ಪ ಮಾವ ಕಣ್ಣೊರೆಸಿಕೊಂಡು ಎದ್ದು ಬಂದ. ಅವನ ತುಟಿಯ ಮೇಲೆ ನಗು ಇತ್ತು. ಎಪ್ಪತ್ತೈದು ವರ್ಷದ ಮುದುಕ, ಹೆಂಡತಿಯ ಹೆಣದ ಮುಂದೆ, ಅವನಿಗಾಗಿ ನಗುತ್ತಿದ್ದ.

"ಬಾ ಶಿವಯೋಗಿ," ಎಂದ. "ಹಾದಿ ಸುಸೂತ್ರ ಆತಿಲ್ಲೋ? ಕೂಡು. ಎಲ್ಲಾ ಆರಾಮ ಐತಿ."

ಅರವತ್ತಾರು. ಶಿವಯೋಗಿ ಸುವರ್ಣಾಳ ಕೈಯಿಂದ ಸೀರೆ ಇಸಿದುಕೊಂಡ. ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತಿ, ಎರಡರ ಮೇಲೂ ಸೀರೆ ಇಟ್ಟುಕೊಂಡು, ಕಾಲೆಳೆಯುತ್ತ ಹೋಗಿ ಅಕ್ಕನ ಮಡಿಲಿಗೆ ಇಟ್ಟ. ಹೆಂಗಸರು ಮಡಿಕೆ ಬಿಚ್ಚಿ ಅವಳ ಮೈಗೆ ಹೊದಿಸಿದರು. ಬಟ್ಟೆಯ ಸರಪರ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿಲ್ಲ. ಯಾರೋ ಬಿಕ್ಕಲು ಹೋಗಿ ಬಾಯಿಗೆ ಕೈ ಒತ್ತಿಕೊಂಡರು.

ಗಂಟೆ ಒಂದೂವರೆ. ಎರಡೂವರೆ ತಾಸು ಹೀಗೇ ಕೂತರೆ ನಾಲ್ಕಕ್ಕೆ ಅವನು ಅಕ್ಕನಿಗೆ ಹಿಡಿ ಮಣ್ಣು ಹಾಕಬಹುದು. ಅದಕ್ಕೇ ತಾನೇ ಬಂದದ್ದು? ಅಂಕಿಯೂ ನಿಲ್ಲುತ್ತದೆ. ಈ ಜನ ಒಬ್ಬರೂ ಉಸಿರು ಬಿಡುವುದಿಲ್ಲ. ಊರೂರಿಗೂ ಕೈಪಿಡಿ ಮುಟ್ಟಿದೆ, ಅಷ್ಟು ಚೆನ್ನಾಗಿ ಬರೆದಿದ್ದಾನೆ ಅವನು. ಊರಿನ ಯಾರ ಸಾವಿಗೂ ಮೊದಲು ದನಿ ಎತ್ತುತ್ತಿದ್ದವಳು ಸಾವಂತ್ರಕ್ಕ. ಅವಳು ಮಾತ್ರ ಅಳುವವರಿಲ್ಲದೆ ಮಣ್ಣಿಗೆ ಹೋಗಬೇಕು, ತಮ್ಮನ ಆರೋಗ್ಯ ಚೆನ್ನಾಗಿರಲಿ ಎಂದು.

"ಅಳ್ರಿ," ಎಂದ.

ಯಾರೂ ತಲೆ ಎತ್ತಲಿಲ್ಲ.

"ಅ... ಅಳ್ರಿ. ನನ್ನ... ನೋಡ... ಬ್ಯಾಡ್ರಿ."

"ಅಳೂದೇನು ಬಂತೋ," ಎಂದ ಈರಪ್ಪ ಮಾವ, ಅದೇ ನಗುವಿನಲ್ಲಿ. "ತುಂಬು ಬಾಳು ಬಾಳಿದ್ಲು. ನೀ ಸಮಾಧಾನ ಮಾಡಕೊ."

ಶಿವಯೋಗಿ ಅಕ್ಕನ ಮುಂದೆ ಕುಸಿದು ಕೂತ. ಹಾಸುಗಲ್ಲು ಎಣಿಸಲು ಹೋದ. ನಾಲ್ಕು ಒಳಗೆ ಎಳೆದುಕೊಂಡ. ಏಳು ಹೊರಗೆ ಬಿಡುವಾಗ ಐದಕ್ಕೇ ಉಸಿರು ಒಡೆದು ದನಿಯಾಯಿತು. ಅದು ಮಾತಲ್ಲ. ಎಳೆದ, ಒರಟು ರಾಗ. ಮಾತಿನ ದಾರಿ ಕಟ್ಟಿಹೋದ ಮಿದುಳಿನಲ್ಲೂ ಹಾಡಿನ ದಾರಿ ಎಷ್ಟೋ ಸಲ ತೆರೆದಿರುತ್ತದೆ. ಲಕ್ವ ಹೊಡೆದವರಿಗೆ ಮಾತು ಕಲಿಸುವವರು ಅದೇ ದಾರಿ ಹಿಡಿಯುವುದುಂಟು. ಅವನಿಗೆ ಮಾತ್ರ ಈ ಮೂರು ವರ್ಷ ಯಾರೂ ಹಾಡಲು ಬಿಟ್ಟಿರಲಿಲ್ಲ, ಅಂಕಿ ಏರುತ್ತದೆಂದು. ಈಗ ಆ ದಾರಿಯಲ್ಲಿ ಮಾತುಗಳು ಒಂದೂ ತುಂಡಾಗದೆ ಹೊರಟವು.

"ಯಕ್ಕಾ, ಅವ್ವ ಹೋದಾಗ ನೀ ಅವ್ವ ಆದೆಲ್ಲಾ, ನನ್ನ ಸೊಂಟದ ಮ್ಯಾಲೆ ಹೊತ್ತು ನೀರು ತಂದೆಲ್ಲಾ... ಯಕ್ಕಾ, ನೀ ಕರದರೂ ನಾ ಬರಲಿಲ್ಲಲ್ಲಾ... ನೀ ಮಾರಿ ನೋಡಬೇಕಂದ ಆ ಪಾಪಿ ನಾನ ಯಕ್ಕಾ, ನಾನ ಬರದೆನಲ್ಲಾ, ನಿನ್ನ ಬಾಗಿಲಾ ನಾನ ಮುಚ್ಚಿದೆನಲ್ಲಾ..."

ಎಪ್ಪತ್ತೊಂದು. ಎಪ್ಪತ್ನಾಲ್ಕು. ಜನ ಕಲ್ಲಾಗಿ ಕೂತಿದ್ದರು. ಆಮೇಲೆ ಗೋಡೆಯ ಮೂಲೆಯಿಂದ, ಹಲ್ಲಿಲ್ಲದ ಬಾಯಿಂದ, ಸೋದರತ್ತೆ ನಿಂಗವ್ವ ಅವನ ಕೊನೆಯ ಎಳೆತವನ್ನು ಹಿಡಿದಳು. ತೊಂಬತ್ತು ದಾಟಿದವಳು, ಅವಳಿಗೆ ಪಟ್ಟಿಯೂ ಗೊತ್ತಿಲ್ಲ, ಅಂಕಿಯೂ ಗೊತ್ತಿಲ್ಲ. ತಮ್ಮ ಎತ್ತಿಕೊಟ್ಟ ಅಳುವನ್ನು ಹಾಗೇ ಬಿಡಬಾರದು ಎಂಬುದಷ್ಟೇ ಗೊತ್ತು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ನಾಲ್ಕು ಮಂದಿ, ಆಮೇಲೆ ಅಂಗಳಕ್ಕೆ ಅಂಗಳವೇ ಹಿಡಿಯಿತು. ಈರಪ್ಪ ಮಾವನ ಮುಖದ ನಗು ಕಳಚಿ ಬಿದ್ದು, ಅವನು ಹೆಂಡತಿಯ ಪಾದದ ಮೇಲೆ ಹಣೆ ಇಟ್ಟು ಗೋಳೋ ಎಂದ. ಸುವರ್ಣಾ ಗಂಡನ ಬೆನ್ನಿಗೆ ಒರಗಿ ಕೂತು, ಅವನ ಕೊರಳನ್ನು ನೋಡದೆ, ಎದೆ ಬಿಚ್ಚಿ ಅತ್ತಳು.

ಎಪ್ಪತ್ತೊಂಬತ್ತಕ್ಕೆ ಅವನಿಗೆ ಇನ್ನೂ ನಿಲ್ಲಿಸುವ ಅವಕಾಶವಿತ್ತು. ನಿಲ್ಲಿಸಲಿಲ್ಲ. ಕುತ್ತಿಗೆಯ ಎಡಬದಿಗೆ ಇರುವೆ ಕಚ್ಚಿದಂತಾಯಿತು. ಕಣ್ಣು ಮುಚ್ಚಿಕೊಳ್ಳುವಾಗಲೂ ಅಳು ಕೇಳುತ್ತಿತ್ತು, ಓಣಿಯ ತುದಿಯ ತನಕ ಹೋಗುವಷ್ಟು ದೊಡ್ಡದಾಗಿ.

ಎಚ್ಚರಾದಾಗ ಪಡಸಾಲೆಯ ಹೊರಸಿನ ಮೇಲಿದ್ದ. ಬಾಗಿಲಿನಿಂದ ಇಳಿಬಿಸಿಲು ಒಳಗೆ ಬಂದಿತ್ತು. ಅಂಗಳ ತೊಳೆದಿದ್ದರು. ಅವನು ಎಡಗೈ ಅಲುಗಿಸಿ ನೋಡಿದ, ಎಡಗಾಲು ಅಲುಗಿಸಿ ನೋಡಿದ. ಅಲುಗಿದವು. ಸುವರ್ಣಾ ಪಕ್ಕದಲ್ಲಿ ಕೂತಿದ್ದಳು. ಅವಳ ಕಣ್ಣು ಊದಿಕೊಂಡು ಮುಖವೇ ಬೇರೆಯಾಗಿತ್ತು.

"ಮಣ್ಣು?"

"ಆತ್ರಿ. ನಾಲ್ಕೂವರಿಗೆ. ನಿಮ್ಮನ್ನ ಎಬ್ಬಸಾಕ ನೋಡಿದ್ವಿ, ಆಗಲಿಲ್ಲ."

ಅವನು ಮಾಳಿಗೆಯ ತೊಲೆ ನೋಡುತ್ತ ಮಲಗಿದ. ಕಣ್ಣ ಮೂಲೆಯಿಂದ ಇಳಿದ ನೀರು ಕಿವಿಗೆ ಹೋಯಿತು, ಅವನು ಒರೆಸಿಕೊಳ್ಳಲಿಲ್ಲ.

"ಅತ್ರು?"

"ಊರ ಅಗಸಿ ದಾಟೂತನಾ ಅತ್ರು. ನಿಂಗವ್ವತ್ತಿನ್ನ ಹಿಡದು ಕರಕೊಂಡ್ ಬರಬೇಕಾಯ್ತು." ಸುವರ್ಣಾ ಮೂಗು ಒರೆಸಿಕೊಂಡಳು. "ಮೆಹರುನ್ನೀಸಾ ಫೋನ್ ಮಾಡಿದ್ಲು. ನಿಮ್ಮ ಮುನ್ನೋಟ ಎಂಬತ್ತಾರು ಇದ್ದದ್ದು ಅರವತ್ತೊಂಬತ್ತಕ್ಕ ಇಳದೈತಂತ. ಮೂರು ಮಂದ್ಯಾಗ ಒಬ್ಬರಿಗೆ ಎರಡನೇದು ಬರೂವಷ್ಟು ಅಂಜಿಕಿ ಐತಿ ಅಂತ ತಿಳಕೋರಿ ಅಂದ್ಲು." ಹೇಳಿ ಮುಗಿಸಿ, ತಾನು ಹೇಳಿಬಿಟ್ಟೆ ಎಂದು ತಾನೇ ಬೆಚ್ಚಿದಳು. ಆದರೆ ಎದ್ದು ಹೋಗಲಿಲ್ಲ.

ಅವನು ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದ.

"ಹೇಳು," ಎಂದ. "ನೀರು... ಯಾರು ಬಿಟ್ರು?"

"ನಾನ ಬಿಟ್ಟೆ. ನಿಮ್ಮ ಹೆಸರಿಲೆ ಎರಡು ಚಮಚಿ ಕುಡದ್ರು, ಮೂರನೇದು ಇಳೀಲಿಲ್ಲ."

ಅವನ ಎದೆ ಏರಿಳಿಯಿತು. ಅವಳು ತಡೆದಳು. ಅವನು ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದ. ಸುವರ್ಣಾ ಹೊರಸಿನ ಮೇಲೆ ಕಾಲೆಳೆದುಕೊಂಡು ಕೂತು, ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ಮೊದಲ ದಿನದಿಂದ, ಒಂದನ್ನೂ ಬಿಡದೆ ಹೇಳತೊಡಗಿದಳು.